ಕಣ್ಣಳತೆಯ ಹಸಿರು

ತೂಕ ಮತ್ತು ಅಳತೆ ಇಲಾಖೆಯಿಂದ ನಿವೃತ್ತರಾದ ಇನ್ಸ್‌ಪೆಕ್ಟರೊಬ್ಬರು ಮಣ್ಣಿನ ಪಾತ್ರೆ ಮಾಡಲು ಕಲಿಯಬಾರದೆಂದು ಯಾವ ಕಾನೂನಿನಲ್ಲೂ ಬರೆದಿಲ್ಲ. ಬರೆದಿದ್ದರೆ ಚೆನ್ನಾಗಿತ್ತು ಎಂಬುದು ಅವರ ಹೆಂಡತಿಯ ಅಭಿಪ್ರಾಯ.

ಕೆಲಸದಲ್ಲಿದ್ದಷ್ಟು ಕಾಲ ಪೇಟೆಯವರು ಅವರನ್ನು ತಕ್ಕಡಿ ಸಾಹೇಬರು ಎಂದೇ ಕರೆಯುತ್ತಿದ್ದರು. ಅವರು ಬೀದಿಯ ತುದಿಯಲ್ಲಿ ಕಾಣಿಸಿಕೊಂಡರೆ ಸಾಕು, ತರಕಾರಿ ಅಂಗಡಿಗಳ ತಕ್ಕಡಿಗಳೆಲ್ಲ ಶಾಲೆಯ ಮಕ್ಕಳ ಹಾಗೆ ನೆಟ್ಟಗೆ ನಿಲ್ಲುತ್ತಿದ್ದವಂತೆ. ಸವೆದ ತೂಕದ ಕಲ್ಲನ್ನು ಅಂಗೈಯಲ್ಲಿ ಒಮ್ಮೆ ಆಡಿಸಿ, ಅಂಗಡಿಯವನ ಮುಖ ನೋಡಿ, ಎಷ್ಟು ಸವೆದಿದೆಯೆಂದು ಹೇಳಿಬಿಡುತ್ತಿದ್ದರು. ಆದರೂ ತೂಗದೆ ಯಾರ ಮೇಲೂ ಕೇಸು ಬರೆದವರಲ್ಲ. "ಅಂದಾಜು ಅನ್ನೋದು ಕಳ್ಳರ ಭಾಷೆ" ಎಂಬುದು ಅವರ ಇಡೀ ಸೇವಾವಧಿಯ ಘೋಷವಾಕ್ಯ. ಇದನ್ನು ಅವರು ಅಂಗಡಿಯವರಿಗೆ ಹೇಳಿದರು, ಕೈಕೆಳಗಿನವರಿಗೆ ಹೇಳಿದರು, ಮದುವೆಯಾದ ಹೊಸದರಲ್ಲಿ ಅಡುಗೆಗೆ ಉಪ್ಪು ಹಾಕುತ್ತಿದ್ದ ಹೆಂಡತಿಗೂ ಹೇಳಿದರು. ಅಂಗಡಿಯವರು ಮರೆತರು. ಹೆಂಡತಿ ಮರೆತಿಲ್ಲ.

ನಿವೃತ್ತಿಯಾದ ಮೇಲೆ ಮನೆಯಲ್ಲಿ ತೂಗಲು ಹೆಚ್ಚೇನೂ ಉಳಿಯಲಿಲ್ಲ. ಕೆಲವು ದಿನ ಹಾಲಿನ ಪ್ಯಾಕೆಟ್ಟು ತೂಗಿದರು. ಸೋಪು ತೂಗಿದರು. ಪೇಪರಿನವನು ಒಳಗಿನ ಪುಟ ತೆಗೆದುಕೊಂಡು ಕೊಡುತ್ತಿದ್ದಾನೆಂಬ ಗುಮಾನಿಯಿಂದ ದಿನಪತ್ರಿಕೆಯನ್ನೂ ತೂಗಿದರು. ಅಂದು ಸಂಜೆ ಹೆಂಡತಿ ಹೊರಗೆ ಹೋಗಿ, ಎರಡು ಬೀದಿ ಆಚೆಯ ಕುಂಬಾರಿಕೆ ಸ್ಟುಡಿಯೋದಲ್ಲಿ ಗಂಡನ ಹೆಸರು ಬರೆಸಿ ಬಂದರು. ಎರಡೂ ಕೈ ಮಣ್ಣಾಗಿದ್ದರೆ ತಕ್ಕಡಿ ಮುಟ್ಟುವುದಿಲ್ಲ ಎಂದು ಆಕೆ ಫೋನಿನಲ್ಲಿ ತಮ್ಮನಿಗೆ ವಿವರಿಸಿದ್ದು ಸಾಹೇಬರಿಗೂ ಕೇಳಿಸಿತು.

ಸ್ಟುಡಿಯೋ ಇದ್ದದ್ದು ಹಿಂದೆ ಟೈರು ಗೋಡೌನಾಗಿದ್ದ ಒಂದು ಶೆಡ್ಡಿನಲ್ಲಿ. ಮೂಲೆಯಲ್ಲಿ ಕರೆಂಟಿನ ಭಟ್ಟಿ, ಕಿಟಕಿಯ ಕಡೆಗೆ ಸಾಲಾಗಿ ಚಕ್ರಗಳು, ಗೋಡೆಯ ಹಲಗೆಗಳ ಮೇಲೆ ಒಣಗುತ್ತಿರುವ ಬಟ್ಟಲುಗಳು. ನಡೆಸುತ್ತಿದ್ದವಳು ಅವರ ಮಗಳ ವಯಸ್ಸಿನವಳು. ಎಲ್ಲರೂ ಟೀಚರ್ ಎನ್ನುತ್ತಿದ್ದರು. ಉಗುರನ್ನು ಬುಡಕ್ಕೆ ಕತ್ತರಿಸಿದಂತೆ ಮಾತನ್ನೂ ಕತ್ತರಿಸಿ ಆಡುವ ಹೆಣ್ಣು.

ಅಲ್ಲಿ ಸಾಹೇಬರಿಗೆ ಕಲೆ ಸಿಕ್ಕಿತು. ಅಷ್ಟು ತಡವಾಗಿ ಸಿಕ್ಕ ಕಲೆ ಮನುಷ್ಯನನ್ನು ಸುಲಭಕ್ಕೆ ಬಿಡುವುದಿಲ್ಲ. ಬೇರೆಯವರ ಚಕ್ರದ ಮೇಲೆ ಲೋಟಗಳು ಏಳುತ್ತಿದ್ದವು, ಸಾಹೇಬರ ಚಕ್ರದ ಮೇಲೆ ಅವು ಕೂರುತ್ತಿದ್ದವು. ಗೋಡೆ ದಪ್ಪ, ತಳ ಇನ್ನೂ ದಪ್ಪ, ಹಿಡಿ ಮಾತ್ರ ಒಂದು ಬೆರಳಿಗೂ ಸಾಲದಷ್ಟು ಚಿಕ್ಕದು. ರೂಪದಲ್ಲಿ ಕಳೆದದ್ದನ್ನು ಬಣ್ಣದಲ್ಲಿ ಗಳಿಸಬೇಕೆಂದು ಅವರು ನಿರ್ಧರಿಸಿದರು.

ಮಣ್ಣಿನ ಪಾತ್ರೆಗೆ ಗಾಜಿನಂಥ ಹೊಳಪು ಕೊಡುವ ಲೇಪಕ್ಕೆ ಅಲ್ಲಿ ಗ್ಲೇಜು ಎನ್ನುತ್ತಾರೆ. ಹಸಿರು ಬೇಕಾದರೆ ಅದಕ್ಕೆ ತಾಮ್ರದ ಪುಡಿ ಸೇರಿಸಬೇಕು. ಎಷ್ಟು ಸೇರಿಸಬೇಕೆಂದು ಟೀಚರ್ ಗೋಡೆಗೆ ಬರೆದು ಅಂಟಿಸಿದ್ದಳು, ಕೆಳಗೆ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿಯನ್ನೂ ಇಟ್ಟಿದ್ದಳು. ಸಾಹೇಬರು ತಕ್ಕಡಿಯನ್ನು ನೋಡಿದರು. ಇಲಾಖೆ ಇಲ್ಲಿಗೂ ಹುಡುಕಿಕೊಂಡು ಬಂತಲ್ಲ ಎನಿಸಿತು. ಅದನ್ನು ಎರಡು ಬೆರಳಿನಿಂದ ಪಕ್ಕಕ್ಕೆ ಸರಿಸಿ, ಕಲೆಗಾರನಿಗೆ ಕಣ್ಣಳತೆ ಸಾಕು ಎಂದು ಅಕ್ಕಪಕ್ಕದವರಿಗೆ ಕೇಳುವ ಹಾಗೆ ಹೇಳಿ, ಚಮಚ ಎತ್ತಿಕೊಂಡರು. ಗೋಡೆಯ ಮೇಲಿದ್ದ ಲೆಕ್ಕದಂತೆ ಮಾಡಿದ ಹಸಿರು ಅವರಿಗೆ ಸರ್ಕಾರಿ ಕಚೇರಿಯ ಬಾಗಿಲಿನಂತೆ ಕಂಡಿತ್ತು. ಆದ್ದರಿಂದ ಇನ್ನೊಂದು ಚಮಚ ಹಾಕಿದರು. ಹಸಿರಿಗೆ ಆಳ ಬರಲೆಂದು ಮತ್ತೊಂದು. ಟೀಚರ್ ಈ ಕಡೆ ನೋಡುತ್ತಿಲ್ಲವೆಂದು ಮಗದೊಂದು.

ಭಟ್ಟಿ ತೆರೆದಾಗ ಲೋಟಗಳು ಪಾಚಿಗಟ್ಟಿದ ಬಾವಿಯ ಹಾಗೆ ಕಡುಹಸಿರಾಗಿದ್ದವು. ಅಲ್ಲಲ್ಲಿ ಲೋಹದಂಥ ಕರಿ ಮಿರುಗು. ಟೀಚರ್ ಒಂದನ್ನು ಬೆಳಕಿಗೆ ಹಿಡಿದು, ತಾಮ್ರ ಎಷ್ಟು ಹಾಕಿದಿರಿ ಎಂದು ಕೇಳಿದಳು. ಬೇಕಾದಷ್ಟು ಎಂದರು ಸಾಹೇಬರು. "ಇವನ್ನ ಸದ್ಯಕ್ಕೆ ಪೆನ್ನು ಇಡೋಕೆ ಇಟ್ಕೊಳ್ಳಿ ಸರ್" ಎಂದಳು ಅವಳು. ಮುಂದಿನದನ್ನು ಹೇಳುವಷ್ಟರಲ್ಲಿ ಯಾರದೋ ಬಟ್ಟಲು ಚಕ್ರದಿಂದ ಹಾರಿ ಅವಳು ಅತ್ತ ಓಡಬೇಕಾಯಿತು. ಸಾಹೇಬರು ಅದನ್ನು ತಮ್ಮ ಲೋಟದ ಆಕಾರದ ಮೇಲೆ ಮಾಡಿದ ಟೀಕೆಯೆಂದು ತಿಳಿದರು. ಗುರುವಿಗೂ ಹೊಟ್ಟೆಕಿಚ್ಚು ಇರುತ್ತದೆ, ಪಾಪ, ಎಂದು ಕ್ಷಮಿಸಿದರು.

ಒಂದೇ ವಾರದಲ್ಲಿ, ಮನೆಗೊಂದು ಉಳಿದು, ಮಿಕ್ಕ ಲೋಟಗಳೆಲ್ಲ ಹಂಚಿಹೋದವು. ಎದುರುಮನೆಯ ನಿವೃತ್ತ ಹೆಡ್‌ಮೇಡಂಗೆ ಒಂದು, ಬೀದಿಯ ಕೊನೆಯಲ್ಲಿರುವ ಭಾವಮೈದುನನಿಗೆ ಒಂದು, ಮೂಲೆ ಕ್ಲಿನಿಕ್ಕಿನ ಡಾಕ್ಟರಿಗೆ ಒಂದು, ಅಕ್ಕಪಕ್ಕದ ಮನೆಗಳಿಗೆಲ್ಲ ಒಂದೊಂದು. ಎಲ್ಲಕ್ಕಿಂತ ಕಡುಹಸಿರಾದದ್ದು ಅಕ್ಕನಿಗೆ.

ಅಕ್ಕ ಊರಿನ ಇನ್ನೊಂದು ತುದಿಯಲ್ಲಿ ಒಬ್ಬರೇ ಇರುತ್ತಿದ್ದರು. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ, ಬಡಿದು, ಓದಿಸಿದವರು. ತಮ್ಮನ ಬಗ್ಗೆ ಇದುವರೆಗೆ ಒಂದು ಒಳ್ಳೆಯ ಮಾತು ಆಡಿದ ದಾಖಲೆಯಿಲ್ಲ. ಕೆಲಸ ಸಿಕ್ಕಿತೆಂದಾಗ ತಕ್ಕಡಿ ಹೊರುವ ಕೆಲಸವೇ ಎಂದಿದ್ದರು. ಲೋಟ ಕೊಟ್ಟಾಗ ಅದನ್ನು ತಿರುಗಿಸಿ ನೋಡಿ "ಭಾರ ಇದೆ" ಎಂದು ಹೇಳಿ ಅಲಮಾರದ ಮೇಲಿಟ್ಟರು. ಸಾಹೇಬರು ವಾಪಸು ಬರುವ ಬಸ್ಸಿನಲ್ಲಿ ಆ ಮಾತನ್ನು ಹತ್ತು ರೀತಿಯಲ್ಲಿ ಹೇಳಿ ನೋಡಿಕೊಂಡರು. ಯಾವ ರೀತಿಯಲ್ಲಿ ಹೇಳಿದರೂ ಅದು ಹೊಗಳಿಕೆಯಾಗಲಿಲ್ಲ.

ಹೀಗಿರುವಾಗ ಒಂದು ಶನಿವಾರ ಮಧ್ಯಾಹ್ನ ಟೀಚರ್ ಚಕ್ರಗಳನ್ನೆಲ್ಲ ನಿಲ್ಲಿಸಿ, ಇವತ್ತು ಆರೋಗ್ಯ ಮತ್ತು ಸುರಕ್ಷತೆಯ ಬಗ್ಗೆ ಮಾತಾಡಬೇಕು ಎಂದಳು. ಇಂಥ ತಿಳಿವಳಿಕೆ ಸಭೆಗಳನ್ನು ಸೇವೆಯಲ್ಲಿದ್ದಾಗ ತಾವೇ ನಡೆಸಿದ್ದ ಸಾಹೇಬರು ಮುಂದಿನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ, ಸಭೆಗೆ ತೂಕ ಬರುವಂತೆ ಕುಳಿತರು.

ಮೊದಲು ಧೂಳಿನ ವಿಚಾರ ಬಂತು. ಒಣಗಿದ ಜೇಡಿಮಣ್ಣನ್ನು ಪೊರಕೆಯಿಂದ ಗುಡಿಸಲೇಬಾರದು, ಕಣ್ಣಿಗೆ ಕಾಣುವ ಧೂಳು ನೆಲಕ್ಕೆ ಬೀಳುತ್ತದೆ, ಕಾಣದ್ದು ಎದೆಯೊಳಗೆ ಹೋಗಿ ಅಲ್ಲೇ ಉಳಿಯುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಬೇಕು ಎಂದಳು. ಎಲ್ಲರೂ ತಿರುಗಿ ಸಾಹೇಬರನ್ನು ನೋಡಿದರು. ದಿನಾ ಸಂಜೆ ಪೊರಕೆ ಹಿಡಿದು, ಭಟ್ಟಿಯ ಹಿಂದಿನ ಧೂಳನ್ನೂ ಬಿಡದೆ ಎಬ್ಬಿಸಿ, ಸ್ವಚ್ಛತೆಗೆ ಮಾದರಿಯಾಗಿದ್ದವರು ಅವರೇ. ಸಾಹೇಬರು ಕಾಲ ಮೇಲಿನ ಕಾಲನ್ನು ಇಳಿಸಿದರು. ಪುಡಿ ಕಲಸುವಾಗ ಮಾಸ್ಕು ಹಾಕಬೇಕು, ಏಪ್ರನ್ನನ್ನು ಮನೆಗೆ ಒಯ್ಯಬಾರದು, ಕೆಲಸದ ಮೇಜಿನ ಮೇಲೆ ಕಾಫಿ ಇಡಬಾರದು ಎಂದಳು. ಗ್ಲೇಜಿನ ಬ್ರಷ್ಷನ್ನು ಒಮ್ಮೆ ಕಾಫಿಯಲ್ಲಿ ಅದ್ದಿ, ಕಾಫಿಯನ್ನು ಹಾಳುಮಾಡಬಾರದೆಂದು ಕುಡಿದಿದ್ದ ಸಾಹೇಬರು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದರು.

"ಕೊನೇದಾಗಿ," ಎಂದಳು ಟೀಚರ್, "ತಾಮ್ರ. ಅಳತೆಗಿಂತ ಜಾಸ್ತಿ ಹಾಕಿದ್ರೆ ಅದು ಗ್ಲೇಜಿನೊಳಗೆ ನಿಲ್ಲಲ್ಲ. ಹುಳಿ ತಾಗಿದ ತಕ್ಷಣ ಬಿಟ್ಕೊಳ್ಳುತ್ತೆ. ಒಂದು ನಿಂಬೆ ಹೋಳು ಇಟ್ಟು ಮಾರನೇ ದಿನ ನೋಡಿ. ಬಣ್ಣ ಬಿಳಿಚಿಕೊಂಡಿದ್ರೆ ಆ ಪಾತ್ರೇಲಿ ಕುಡೀಬೇಡಿ. ಹೊಟ್ಟೆ ತೊಳಸುತ್ತೆ, ವಾಂತಿ ಬರುತ್ತೆ. ದಿನಾ ಕುಡಿದ್ರೆ ಇನ್ನೂ ಕಷ್ಟ."

ಸಾಹೇಬರ ಕಿವಿಯಲ್ಲಿ ಉಳಿದದ್ದು ಒಂದೇ ಮಾತು: ನಿಂಬೆ. ಅಕ್ಕ ಎಷ್ಟೋ ವರ್ಷಗಳಿಂದ ಬೆಳಿಗ್ಗೆ ಎದ್ದ ಕೂಡಲೆ ಬಿಸಿನೀರಿಗೆ ನಿಂಬೆರಸ ಹಿಂಡಿಕೊಂಡು ಕುಡಿಯುತ್ತಿದ್ದರು.

ಮನೆಗೆ ಬಂದವರೇ ಅಕ್ಕನಿಗೆ ಫೋನು ಮಾಡಿದರು. ಲೋಟದಲ್ಲಿ ವಿಷವಿದೆ ಎಂದು ಹೇಳುವುದೇನೂ ಕಷ್ಟವಿರಲಿಲ್ಲ. ಆದರೆ ವಿಷ ಹೇಗೆ ಬಂತು ಎಂದು ಅಕ್ಕ ಕೇಳುತ್ತಾರೆ. ತೂಗದೆ ಹಾಕಿದೆ ಎಂದು ತೂಕದ ಇನ್ಸ್‌ಪೆಕ್ಟರು ಬಾಯಿಬಿಟ್ಟು ಹೇಳಬೇಕಾಗುತ್ತದೆ. ಅದರಲ್ಲೂ ಅಕ್ಕನಿಗೆ. ಆದ್ದರಿಂದ ಸಾಹೇಬರು ಸುತ್ತು ದಾರಿ ಹಿಡಿದರು.

"ಅಕ್ಕ, ಒಂದೆರಡು ದಿನ ನಿಂಬೆರಸ ಕುಡೀಬೇಡ."

"ಯಾಕೋ?"

"ಹವಾ ಸರಿಯಿಲ್ಲ."

"ಹವಾ ಸರಿಯಿಲ್ಲ ಅಂತಲೇ ಕುಡಿಯೋದು. ಇದನ್ನ ಹೇಳೋಕೆ ಫೋನ್ ಮಾಡಿದ್ಯಾ?" ಎಂದು ಅಕ್ಕ ಫೋನಿಟ್ಟರು.

ಸಾಹೇಬರು ಮನೆಯಲ್ಲಿ ಉಳಿದಿದ್ದ ಒಂದೇ ಒಂದು ಹಸಿರು ಲೋಟವನ್ನು ಹುಡುಕಿದರು. ಅದು ಹಿತ್ತಲಲ್ಲಿ, ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ತುಂಬಿಕೊಂಡು ನಿಂತಿತ್ತು. ಹೆಂಡತಿಯನ್ನು ವಿಚಾರಿಸಲು ಇದು ಸಮಯವಲ್ಲವೆಂದು ಕ್ಲಿಪ್ಪು ಸುರಿದು, ತೊಳೆದು, ತಳಕ್ಕೆ ನಿಂಬೆ ಹೋಳು ಇಟ್ಟರು. ಭಾನುವಾರ ಬೆಳಿಗ್ಗೆ ಹೋಳು ಎತ್ತಿ ನೋಡಿದರೆ ಬಾವಿಯ ತಳದಲ್ಲಿ ಪಾಚಿ ಹೋಗಿ ಬಿಳಿಯ ಚಂದ್ರ ಮೂಡಿದ್ದ.

ಇನ್ನು ತಡಮಾಡುವಂತಿರಲಿಲ್ಲ. ಅಕ್ಕನ ಮನೆಗೆ ನೇರವಾಗಿ ಹೋಗುವ ಧೈರ್ಯವೂ ಇರಲಿಲ್ಲ. ಬೀದಿಯ ಲೋಟಗಳನ್ನು ಮೊದಲು ವಾಪಸು ಪಡೆದರೆ ಹೇಳುವ ಮಾತು ಸ್ವಲ್ಪ ರೂಢಿಯಾಗುತ್ತದೆ ಎಂದುಕೊಂಡು ಸಾಹೇಬರು ಬಟ್ಟೆಯ ಚೀಲ ಹಿಡಿದು ಹೊರಟರು. ಕಾರಣ ಕೇಳಿದರೆ ಹೇಳಲು ಇಲಾಖೆಯ ಅನುಭವದಿಂದ ಒಂದು ನೆಪವನ್ನೂ ಸಿದ್ಧಪಡಿಸಿಕೊಂಡಿದ್ದರು: ತಳಕ್ಕೆ ಸೀಲು ಹಾಕುವುದು ಮರೆತುಹೋಗಿದೆ.

ಎದುರುಮನೆಯ ಹೆಡ್‌ಮೇಡಂ ಬಾಗಿಲು ತೆರೆದು ಸೀಲಿನ ಕಥೆಯನ್ನು ಪೂರ್ತಿ ಕೇಳಿದರು. ಮಕ್ಕಳ ಸುಳ್ಳುಗಳನ್ನು ಕೇಳಿಯೇ ತಲೆ ನೆರೆತ ಆಕೆಗೆ ಇದು ನೆಪವೆಂದು ತಕ್ಷಣ ತಿಳಿಯಿತು; ಏತಕ್ಕೆ ನೆಪ ಎಂಬುದನ್ನು ಮಾತ್ರ ತಪ್ಪಾಗಿ ತಿಳಿದರು. ತಾನು ಕೊಟ್ಟ ಲೋಟವನ್ನು ಜನ ಉಪಯೋಗಿಸುತ್ತಿದ್ದಾರೋ ಇಲ್ಲವೋ ಎಂದು ಇನ್ಸ್‌ಪೆಕ್ಟರು ತಪಾಸಣೆಗೆ ಹೊರಟಿದ್ದಾರೆ ಎಂದುಕೊಂಡರು. ಆ ಲೋಟದಲ್ಲಿ ಅವರು ನೆಟ್ಟಿದ್ದ ಕಳ್ಳಿಗಿಡ ಕಿಟಕಿಯಲ್ಲಿ ಚೆನ್ನಾಗಿ ಬೇರುಬಿಟ್ಟಿತ್ತು.

"ಅಯ್ಯೋ, ಅದನ್ನ ಹೇಗೆ ಕೊಡ್ಲಿ ಸಾಹೇಬ್ರೇ," ಎಂದರು ಮೇಡಂ. "ಬೆಳಿಗ್ಗೆ ಟೀ ಅದ್ರಲ್ಲೇ ಕುಡಿಯೋದು ನಾನು."

"ಬೆಳಿಗ್ಗೆ ಮಾತ್ರಾನಾ?" ಎಂದರು ಸಾಹೇಬರು ಗಾಬರಿಯಿಂದ.

ಮೇಡಂಗೆ ಅದು ಆಕ್ಷೇಪಣೆಯಂತೆ ಕೇಳಿಸಿತು. "ಸಂಜೇನೂ," ಎಂದರು.

ಹೊಟ್ಟೆ ತೊಳಸುತ್ತದೆಯೇ, ವಾಂತಿ ಬರುತ್ತದೆಯೇ ಎಂದು ಸಾಹೇಬರು ವಿಚಾರಿಸಿದರು. ಲೋಟ ನೋಡಿದರೆ ವಾಂತಿ ಬರುವುದೇ ಎಂದು ಪರೀಕ್ಷಿಸುತ್ತಿದ್ದಾರೆಂದು ತಿಳಿದ ಮೇಡಂ, ಛೇ ಛೇ, ಅದರಲ್ಲಿ ಕುಡಿಯಲು ಶುರುಮಾಡಿದ ಮೇಲೆ ಹಸಿವೇ ಹೆಚ್ಚಾಗಿದೆ ಎಂದರು. ಲೋಟ ತೊಳೆದಿಟ್ಟು ಆಮೇಲೆ ಕಳಿಸುವುದಾಗಿ ಹೇಳಿ, ಬಾಗಿಲು ಹಾಕಿ, ಬೀದಿಯ ಮಿಕ್ಕ ಮನೆಗಳಿಗೆ ಫೋನು ಹಚ್ಚಿದರು.

ನೆರೆಹೊರೆಯವರ ಸೌಜನ್ಯ ಎಂಬುದು ಇಂಥ ಹೊತ್ತಿನಲ್ಲಿ ಎಷ್ಟು ವೇಗವಾಗಿ ಕೆಲಸ ಮಾಡುತ್ತದೆಂಬುದನ್ನು ನೋಡಿದವರೇ ಬಲ್ಲರು. ಬಾಗಿಲಿಗೆ ಒತ್ತಾಗಿ ಇಟ್ಟಿದ್ದ ಲೋಟಗಳು ಎದ್ದವು. ಬಚ್ಚಲಿನ ಟೂತ್‌ಬ್ರಷ್ಷುಗಳು ಅನಾಥವಾದವು. ಅಲುಗಾಡುವ ಮೇಜಿನ ಕಾಲಿನ ಕೆಳಗಿದ್ದ ಒಂದು ಲೋಟವನ್ನು ಎಳೆದ ರಭಸಕ್ಕೆ ಮೇಜಿನ ಮೇಲಿದ್ದುದೆಲ್ಲ ನೆಲ ಕಂಡಿತು. ಎಲ್ಲವನ್ನೂ ತೊಳೆದು, ಒರೆಸಿ, ಒಳಗೆ ಏನಾದರೊಂದು ಸುರಿದರು. ಸಾಹೇಬರು ಮುಂದಿನ ಮನೆಯ ಗೇಟು ತೆರೆದಾಗ ಗಂಡಹೆಂಡತಿ ಜಗಲಿಯಲ್ಲಿ ಕುಳಿತು ಒಂದೇ ಲೋಟದಿಂದ ಸರದಿಯಂತೆ ಕಾಫಿ ಕುಡಿಯುತ್ತಿದ್ದರು. ಅದರಾಚೆಯ ಮನೆಯಲ್ಲಿ ಮುದುಕರೊಬ್ಬರು ಮಜ್ಜಿಗೆ ಕುಡಿಯುತ್ತ, ಲೋಟದ ಭಾರಕ್ಕೆ ಎರಡೂ ಕೈ ನಡುಗುತ್ತಿದ್ದರೂ ನಗುತ್ತಿದ್ದರು. ಎಲ್ಲರೂ ಬಾಯಿಪಾಠ ಮಾಡಿದವರಂತೆ ಒಂದೇ ಮಾತು ಹೇಳಿದರು: ನಿಮ್ಮ ಲೋಟ ಬಂದಾಗಿನಿಂದ ಬೇರೆಯದನ್ನು ಮುಟ್ಟಿಲ್ಲ. ಬೇರೆ ಯಾವ ದಿನವಾದರೂ ಈ ಮಾತಿಗೆ ಸಾಹೇಬರ ಎದೆ ಉಬ್ಬುತ್ತಿತ್ತು. ಇಂದು ಪ್ರತಿ ಮನೆಯಲ್ಲೂ ಒಬ್ಬೊಬ್ಬ ರೋಗಿಯನ್ನು ಎಣಿಸಿಕೊಳ್ಳುತ್ತ ಮುಂದಿನ ಮನೆಗೆ ನಡೆದರು.

ಭಾವಮೈದುನ ಎಲ್ಲದರಲ್ಲೂ ಒಂದು ಕೈ ಮೇಲು. ವಿಮೆಯ ಏಜೆಂಟು, ಅವನಿಗೆ ಗೊತ್ತಿಲ್ಲದ ಕಾಯಿಲೆಯಿಲ್ಲ, ಅವನಿಗೆ ಬಾರದೆ ಹೋದ ಕಾಯಿಲೆಯೂ ಕಡಿಮೆ. ಭಾವನನ್ನು ಕಂಡೊಡನೆ ಎದ್ದು ನಿಂತು, ಹಸಿರು ಲೋಟವನ್ನು ಎತ್ತಿ ಹಿಡಿದ.

"ಬನ್ನಿ ಭಾವ, ನಿಮ್ಮ ಲೋಟದಲ್ಲೇ ನಿಂಬೆ ಶರಬತ್ತು. ದಿನಾ ಮೂರು ಹೊತ್ತು ಇದೇ ನನಗೆ." ಎಂದು ಒಂದು ದೊಡ್ಡ ಗುಟುಕು ಕುಡಿದ.

ಸಾಹೇಬರಿಗೆ ನಿಂಬೆ ಎಂಬುದಷ್ಟೇ ಕೇಳಿಸಿತು. ಆ ವಯಸ್ಸಿನಲ್ಲಿ, ಆ ಹೊಟ್ಟೆಯನ್ನು ಹೊತ್ತುಕೊಂಡು ಅಷ್ಟು ದೂರ ಹೇಗೆ ಹಾರಿದರೆಂದು ಆಮೇಲೆ ಅವರಿಗೇ ಗೊತ್ತಾಗಲಿಲ್ಲ. ಕೈಗೆ ಬಿದ್ದ ಏಟಿಗೆ ಲೋಟ ಹಾರಿ ನೆಲಕ್ಕೆ ಬಿತ್ತು. ಲೋಟಕ್ಕೆ ಏನೂ ಆಗಲಿಲ್ಲ. ನೆಲದ ಟೈಲ್ಸು ಬಿರಿಯಿತು.

"ಕುಡೀಬೇಡ," ಎಂದರು ಸಾಹೇಬರು ಏದುಸಿರು ಬಿಡುತ್ತ. "ವಿಷ ಅದು."

ಭಾವಮೈದುನ ಮೊದಲು ಬಿರಿದ ಟೈಲ್ಸನ್ನು ನೋಡಿದ, ಆಮೇಲೆ ಭಾವನನ್ನು ನೋಡಿದ, ಆಮೇಲೆ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟು ಕುರ್ಚಿಗೆ ಕುಸಿದ. ಮೊದಲು ನಾಲಿಗೆ ದಪ್ಪವಾಯಿತು, ಆಮೇಲೆ ಎಡಗಾಲು ಜೋಮು ಹಿಡಿಯಿತು, ಕೊನೆಗೆ ಗೋಡೆಯ ಮೇಲಿನ ಗಡಿಯಾರ ಎರಡಾಗಿ ಕಾಣತೊಡಗಿತು. ಅವನ ಹೆಂಡತಿ ಸಾಹೇಬರ ಹೆಂಡತಿಗೆ ಫೋನು ಮಾಡಿದಳು, ಅವರು ಹೆಡ್‌ಮೇಡಂಗೆ ಹೇಳಿದರು. ಹೆಡ್‌ಮೇಡಂಗೆ ಹೇಳಿದ ಮೇಲೆ ಬೇರೆ ಯಾರಿಗೂ ಹೇಳಬೇಕಾಗಲಿಲ್ಲ.

ಮೂಲೆಯ ಕ್ಲಿನಿಕ್ಕು ಭಾನುವಾರ ಮಧ್ಯಾಹ್ನದವರೆಗೆ ತೆರೆದಿರುತ್ತಿತ್ತು. ಅಲ್ಲಿಯ ಬೆಂಚುಗಳಲ್ಲಿ ಅಂದು ಬೀದಿಗೆ ಬೀದಿಯೇ ಹೊಟ್ಟೆ ಹಿಡಿದುಕೊಂಡು ಕುಳಿತಿತ್ತು. ಪ್ರತಿಯೊಬ್ಬರ ಮಡಿಲಲ್ಲೂ ಒಂದೊಂದು ಹಸಿರು ಲೋಟ. ಭಾವಮೈದುನ ಬೆಂಚಿನ ಮೇಲೆ ಉದ್ದಕ್ಕೆ ಮಲಗಿ, ತನ್ನ ಪಾಲಿಸಿಯ ನಾಮಿನಿ ಯಾರೆಂದು ಹೆಂಡತಿಗೆ ನೆನಪು ಮಾಡುತ್ತಿದ್ದ. ಸಾಹೇಬರು ಬಾಗಿಲ ಬಳಿ ನಿಂತಿದ್ದರು. ಕೂರಲು ಯಾರೂ ಜಾಗ ಕೊಡಲಿಲ್ಲ.

ಡಾಕ್ಟರು ಮಿತಭಾಷಿ. ತಾಮ್ರದ ವಿಚಾರ ಸಾಹೇಬರಿಂದ ಕೇಳಿ ತಿಳಿದು, ಕನ್ನಡಕ ಏರಿಸಿಕೊಂಡು, ಎಷ್ಟು ದಿನದಿಂದ ಈ ಲೋಟಗಳಲ್ಲಿ ಕುಡಿಯುತ್ತಿದ್ದೀರಿ ಎಂದು ಎಲ್ಲರನ್ನೂ ಒಟ್ಟಿಗೇ ಕೇಳಿದರು. ಸಾಹೇಬರು ಅಲ್ಲೇ ಇದ್ದುದರಿಂದ ಎಲ್ಲರೂ ಬಂದಾಗಿನಿಂದ, ಬಂದಾಗಿನಿಂದ ಎಂದರು.

"ದಿನಾನೂ?"

ದಿನಾನೂ ಎಂದಿತು ಬೀದಿ.

"ಹಾಗಾದ್ರೆ ನನ್ನ ಕೈಲಿ ಆಗಲ್ಲ," ಎಂದರು ಡಾಕ್ಟರು ಪೆನ್ನು ತೆರೆಯುತ್ತ. "ಎಲ್ಲರನ್ನೂ ದೊಡ್ಡಾಸ್ಪತ್ರೆಗೆ ಬರೆದುಕೊಡ್ತೀನಿ. ಅಡ್ಮಿಟ್ ಆಗಬೇಕು. ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕ್ತಾರೆ. ಸ್ವಲ್ಪ ನೋವಾಗುತ್ತೆ."

ಸೌಜನ್ಯಕ್ಕೂ ಒಂದು ಮಿತಿಯಿದೆ, ಅದು ಮೂಗಿನ ಹತ್ತಿರ ಎಲ್ಲೋ ಇರಬೇಕು. ಮೊದಲು ಕೈ ಎತ್ತಿದವರು ಹೆಡ್‌ಮೇಡಂ. ತಮ್ಮ ಲೋಟದಲ್ಲಿ ಕಳ್ಳಿಗಿಡ ಇತ್ತು, ಇವತ್ತು ಬೆಳಿಗ್ಗೆ ಮಾತ್ರ ಒಂದು ಗುಟುಕು ಟೀ ಕುಡಿದದ್ದು ಎಂದು ತರಗತಿಯ ಮುಂದೆ ತಪ್ಪೊಪ್ಪಿಕೊಳ್ಳುವ ದನಿಯಲ್ಲಿ ಹೇಳಿದರು. ಕಟ್ಟೆ ಒಡೆಯಿತು. ಟೂತ್‌ಬ್ರಷ್ಷು ಬಂತು, ಬಾಗಿಲು ಬಂತು, ಮೇಜಿನ ಕಾಲು ಬಂತು. ಮಜ್ಜಿಗೆಯ ಮುದುಕರು ತಮ್ಮದರಲ್ಲಿ ಹಲ್ಲಿನ ಸೆಟ್ಟು ನೆನೆಹಾಕುತ್ತಿದ್ದುದಾಗಿ ಸೆಟ್ಟು ತೆಗೆದೇ ತೋರಿಸಿದರು. ಭಾವಮೈದುನ ಎದ್ದು ಕುಳಿತು, ಕಾರಿನ ಹಿಂದಿನ ಚಕ್ರಕ್ಕೆ ಅಡ್ಡ ಇಡಲು ಅಷ್ಟು ಒಳ್ಳೆಯ ವಸ್ತು ಬೇರೆಯಿಲ್ಲವೆಂದು ಒಪ್ಪಿಕೊಂಡ. ಗಡಿಯಾರ ಅವನಿಗೆ ಮತ್ತೆ ಒಂದಾಗಿ ಕಾಣುತ್ತಿತ್ತು.

ಸಾಹೇಬರು ಡಾಕ್ಟರ ಮೇಜನ್ನು ನೋಡಿದರು. ಅಲ್ಲಿದ್ದ ಹಸಿರು ಲೋಟದಲ್ಲಿ ನಾಲಿಗೆ ಒತ್ತಿ ನೋಡುವ ಕಡ್ಡಿಗಳು ನಿಂತಿದ್ದವು.

ಒಬ್ಬರಿಗೂ ಏನೂ ಆಗಿರಲಿಲ್ಲ. ಸಾಹೇಬರ ಎದೆಯ ಮೇಲಿನ ಭಾರ ಇಳಿಯಿತು. ಇಳಿದ ಜಾಗದಲ್ಲಿ ತಕ್ಷಣ ಬೇರೊಂದು ಬಂದು ಕೂತಿತು. ಇಷ್ಟು ದಿನ, ಇಷ್ಟು ಮನೆ, ಒಬ್ಬರಾದರೂ ಒಂದು ಸಲ ಕುಡಿಯಬಾರದಿತ್ತೇ? ತಾನು ಕೊಟ್ಟ ವಿಷವನ್ನು ಕುಡಿಯಲಿಲ್ಲವೆಂದು ನೆಂಟರಿಷ್ಟರ ಮೇಲೆ ಮುನಿಸಿಕೊಂಡ ಮನುಷ್ಯ ಲೋಕದಲ್ಲಿ ಬಹುಶಃ ಅವರೊಬ್ಬರೇ. ಆ ಮುನಿಸಿನಲ್ಲೇ ಒಂದೆರಡು ಮಾತು ಆಡಲು ಗಂಟಲು ಸರಿಮಾಡಿಕೊಂಡರು.

"ಮತ್ತೆ ನೀವು?" ಎಂದು ಕೇಳಿದರು ಡಾಕ್ಟರು. "ನೀವು ದಿನಾ ಕುಡೀತಿದ್ರಾ ಅದ್ರಲ್ಲಿ?"

ಹೆಂಡತಿ ಪಕ್ಕದಲ್ಲೇ ಇದ್ದರು. ಸುಳ್ಳಿಗೆ ಜಾಗವಿರಲಿಲ್ಲ. "ಹಿಡಿಗೆ ಬೆರಳು ಹೋಗಲ್ಲ," ಎಂದರು ಸಾಹೇಬರು. "ಕೈ ಸುಡುತ್ತೆ. ನಾನು ಸ್ಟೀಲ್ ಲೋಟದಲ್ಲೇ ಕುಡಿಯೋದು."

ಬೀದಿ ನಕ್ಕಿತು. ಇನ್ನು ಯಾರಿಗೂ ಹೊಟ್ಟೆನೋವಿಲ್ಲವೆಂಬುದು ಆ ನಗೆಯಿಂದಲೇ ಖಚಿತವಾಯಿತು. ಸಾಹೇಬರೂ ನಗುತ್ತಿದ್ದರೇನೋ, ಅಷ್ಟರಲ್ಲಿ ಹೆಂಡತಿ ಮೆಲ್ಲಗೆ, ಅಕ್ಕನಿಗೆ ಹೇಳಿದಿರಾ ಎಂದು ಕೇಳಿದರು. ಹವಾ ಸರಿಯಿಲ್ಲವೆಂದು ಹೇಳಿದ್ದನ್ನು ಸಾಹೇಬರು ತಿಳಿಸಿದರು. ಹೆಂಡತಿ ಬಸ್ ಸ್ಟಾಪಿನ ಕಡೆಗೆ ಕೈ ತೋರಿಸಿದರು.

ಬಸ್ಸಿನಲ್ಲಿ ಸಾಹೇಬರು ಸಮಾಧಾನ ಮಾಡಿಕೊಳ್ಳಲು ನೋಡಿದರು. ಬೀದಿಯಲ್ಲಿ ಯಾರೂ ಉ‍ಪಯೋಗಿಸದ ಲೋಟವನ್ನು ಅಕ್ಕ ಉಪಯೋಗಿಸಿರುತ್ತಾರೆಯೇ? ಭಾರ ಇದೆ ಎಂದವರಲ್ಲವೇ? ಅಲಮಾರದ ಮೇಲೆ ಎಲ್ಲೋ ಧೂಳು ತಿನ್ನುತ್ತಿರುತ್ತದೆ. ಜೀವನದಲ್ಲಿ ಮೊದಲ ಬಾರಿಗೆ, ತಾವು ಮಾಡಿದ್ದನ್ನು ಅಕ್ಕ ಇಷ್ಟಪಡದೆ ಇರಲಿ ಎಂದು ಅವರು ಮನಸಾರೆ ಬೇಡಿಕೊಂಡರು.

ಅಕ್ಕ ಅಡುಗೆಮನೆಯ ಮೇಜಿನ ಹತ್ತಿರ ಕುಳಿತಿದ್ದರು. ಮುಂದೆ ಹಸಿರು ಲೋಟ, ಪಕ್ಕದಲ್ಲಿ ಹವಾ ಸರಿಯಿಲ್ಲವೆಂದು ಮಧ್ಯಾಹ್ನವೂ ಹಿಂಡಿದ ನಿಂಬೆ ಹೋಳು. ಹಿಡಿಗೆ ಬೆರಳು ಹೋಗದ್ದರಿಂದ ಅದಕ್ಕೆ ಹಳೆಯ ಬಟ್ಟೆಯ ಪಟ್ಟಿ ಸುತ್ತಿ, ಅಂಗೈಯಲ್ಲಿ ಹಿಡಿಯುವಂತೆ ಮಾಡಿಕೊಂಡಿದ್ದರು. ಸಾಹೇಬರು ಬಗ್ಗಿ ಲೋಟದೊಳಗೆ ನೋಡಿದರು. ಅಂಚಿನವರೆಗೆ ಒಳಗೆಲ್ಲ ಬಿಳಿಚಿಹೋಗಿತ್ತು.

"ಈ ನಿಂಬೆಹಣ್ಣಿನವನು ಮೋಸ ಮಾಡ್ತಿದ್ದಾನೆ ಕಣೋ," ಎಂದರು ಅಕ್ಕ, ಬಂದದ್ದೇಕೆಂದು ಕೇಳದೆ. "ಏನೋ ಒಂಥರಾ ಒಗರು. ಬೆಳಿಗ್ಗೆ ಹೊತ್ತು ಹೊಟ್ಟೆ ತೊಳಸುತ್ತೆ. ಜಗಳ ಆಡಿ ಅಂಗಡಿ ಬದಲಾಯಿಸ್ದೆ, ಇವನದೂ ಅದೇ ಕಥೆ. ನೀನು ಒಂದ್ಸಲ ಹೋಗಿ ಇಬ್ಬರಿಗೂ ಗದರಿಸಿ ಬಾ."

ಸಾಹೇಬರು ಲೋಟವನ್ನು ಅಕ್ಕನ ಮುಂದಿನಿಂದ ತೆಗೆದುಕೊಂಡು ಸಿಂಕಿಗೆ ಸುರಿದರು. ಇದುವರೆಗೆ ರೂಢಿ ಮಾಡಿಕೊಂಡಿದ್ದ ಸೀಲು, ಹವಾ ಯಾವ ನೆಪವೂ ನಾಲಿಗೆಗೆ ಬರಲಿಲ್ಲ.

"ನಿಂಬೆಹಣ್ಣಿನದಲ್ಲ ಅಕ್ಕ. ಲೋಟದ್ದು. ಹಸಿರಿಗೆ ತಾಮ್ರ ಜಾಸ್ತಿ ಹಾಕಿದ್ದೆ, ಹುಳಿಗೆ ಬಿಟ್ಕೊಂಡಿದೆ. ನಾನು ತೂಕ ಮಾಡ್ಲಿಲ್ಲ."

"ಯಾರು ಮಾಡ್ಲಿಲ್ಲ?"

"ನಾನು."

"ನೀನು ತೂಕ ಮಾಡ್ಲಿಲ್ಲ."

"ಹೂಂ. ಕಣ್ಣಳತೇಲಿ ಹಾಕ್ದೆ."

ಅಕ್ಕ ತಮ್ಮನ ಕಡೆಗೆ ಪೂರ್ತಿ ತಿರುಗಿ ಕುಳಿತರು. "ಅಂದಾಜು ಅನ್ನೋದು ಯಾರ ಭಾಷೆ ಅಂತಿದ್ಯೋ ಊರಿಗೆಲ್ಲ?"

"ಕಳ್ಳರ ಭಾಷೆ," ಎಂದರು ಸಾಹೇಬರು, ಮಗ್ಗಿ ಒಪ್ಪಿಸುವ ಹುಡುಗನ ಹಾಗೆ ಕೈಕಟ್ಟಿ.

ಅಕ್ಕನ ಭುಜ ಅಲುಗಾಡತೊಡಗಿತು. ವಿಷ ಏರಿತೆಂದು ಸಾಹೇಬರು ಓಡಿಬಂದು ಹಿಡಿದುಕೊಂಡರು; ಏರಿದ್ದು ನಗು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕು, ಸೆರಗಿನಿಂದ ಒರೆಸಿಕೊಂಡರು. ಸಾಹೇಬರಿಗೆ ನಗು ಬರಲಿಲ್ಲ. ಬೀದಿಯಲ್ಲಿ ಒಬ್ಬರೂ ಇದರಲ್ಲಿ ಕುಡಿಯಲಿಲ್ಲ, ಮಾಡಿದ ನಾನೇ ಕುಡಿಯಲಿಲ್ಲ, ಭಾರ ಇದೆ ಎಂದ ನೀನು ಯಾಕೆ ಕುಡಿದೆ ಎಂದು ಕೇಳಿದರು.

"ಯಾರೂ ಕುಡಿಯಲ್ಲ ಅಂತ ಅದನ್ನ ನೋಡಿದಾಗ್ಲೇ ಗೊತ್ತಾಯ್ತು," ಎಂದರು ಅಕ್ಕ. "ಒಬ್ರಾದ್ರೂ ಕುಡೀಬೇಕಲ್ವೇನೋ."

ಸಾಹೇಬರು ಸಿಂಕಿನ ಕಡೆ ತಿರುಗಿ, ತೊಳೆಯುವ ಅಗತ್ಯವೇ ಇಲ್ಲದ ಲೋಟವನ್ನು ಬಹಳ ಹೊತ್ತು ತೊಳೆದರು.

ಸೋಮವಾರ ಅಕ್ಕನನ್ನು ಡಾಕ್ಟರಿಗೆ ತೋರಿಸಿದ್ದಾಯಿತು. ರಕ್ತಪರೀಕ್ಷೆಯಲ್ಲಿ ಗಾಬರಿಪಡುವಂಥದ್ದೇನೂ ಇರಲಿಲ್ಲ. ಲೋಟ ಬಿಟ್ಟ ಕೆಲವೇ ದಿನಗಳಲ್ಲಿ ಹೊಟ್ಟೆ ತೊಳಸುವುದೂ ನಿಂತಿತು. ಅಕ್ಕನ ಆಜ್ಞೆಯಂತೆ ಸಾಹೇಬರು ನಿಂಬೆಹಣ್ಣಿನವರಿಬ್ಬರ ಬಳಿಗೂ ಕ್ಷಮೆ ಕೇಳಲು ಹೋದರು. ಸಾಹೇಬರು ಬರುವುದನ್ನು ಕಂಡ ಕೂಡಲೆ ಇಬ್ಬರೂ ತಕ್ಕಡಿ ಒರೆಸಿ ನಿಂತರು; ಕ್ಷಮೆ ಕೇಳಿದ್ದನ್ನು ಕೇಳಿ ಇನ್ನೂ ಹೆಚ್ಚು ಹೆದರಿದರು.

ಸ್ಟುಡಿಯೋದಲ್ಲಿ ಈಗ ಒಣಪೊರಕೆ ಇಲ್ಲ. ಯಾರಾದರೂ ಮೇಜಿನ ಮೇಲೆ ಕಾಫಿ ಇಟ್ಟರೆ ಸಾಹೇಬರು ಪಕ್ಕದಲ್ಲಿ ಬಂದು ಸುಮ್ಮನೆ ನಿಲ್ಲುತ್ತಾರೆ, ಅವರು ಎತ್ತುವವರೆಗೆ. ಪುಟ್ಟ ತಕ್ಕಡಿ ಅವರ ಸುಪರ್ದಿಯಲ್ಲಿದೆ. ಅದರ ತಳಕ್ಕೆ ಒಂದು ಸೀಲೂ ಬಿದ್ದಿದೆ. ಅಕ್ಕನ ಹೊಸ ಲೋಟಕ್ಕೆ ಅವರು ಮಾಸ್ಕು ಹಾಕಿಕೊಂಡು, ಪುಡಿಯನ್ನು ತೂಗಿ, ಸಂಶಯ ಬಂದು ಮತ್ತೆ ತೂಗಿ ಗ್ಲೇಜು ಕಲಸಿದರು. ಹೊರಗೆ ಸರ್ಕಾರಿ ಕಚೇರಿಯ ಬಾಗಿಲಿನ ಹಸಿರು, ಒಳಗೆ ಹಾಲಿನಂಥ ಬಿಳಿ, ತಾಮ್ರದ ಸುಳಿವಿಲ್ಲ. ಹಿಡಿ ಬೆರಳು ಹೋಗುವಷ್ಟು ದೊಡ್ಡದು. ಟೀಚರ್ ನಿಂಬೆ ಹೋಳು ಇಟ್ಟು ನೋಡಿ, ವಿನೆಗರ್ ಹಾಕಿ ನೋಡಿ, "ಕುಡೀಬಹುದು ಸರ್" ಎಂದಳು. ಅವಳ ಬಾಯಲ್ಲಿ ಅದು ಪ್ರಶಸ್ತಿಪತ್ರ.

ಅಕ್ಕ ಹೊಸ ಲೋಟವನ್ನು ತಿರುಗಿಸಿ ನೋಡಿದರು. ಹಿಡಿಯಲ್ಲಿ ಬೆರಳು ತೂರಿಸಿ ನೋಡಿದರು. ಬಿಸಿನೀರು ಹಾಕಿ, ನಿಂಬೆ ಹಿಂಡಿ, ಒಂದು ಗುಟುಕು ಕುಡಿದು, ಕಿಟಕಿಯ ಹೊರಗೆ ನೋಡುತ್ತ ಇನ್ನೊಂದು ಗುಟುಕು ಕುಡಿದರು. ಸಾಹೇಬರು ಉಸಿರು ಹಿಡಿದು ನಿಂತಿದ್ದರು.

"ಹಗುರ ಇದೆ," ಎಂದರು ಅಕ್ಕ.

ಸಾಹೇಬರು ಆ ಮಾತನ್ನು ಮನಸ್ಸಿನಲ್ಲೇ ಒಮ್ಮೆ ಹೇಳಿಕೊಂಡರು. ಯಾವ ರೀತಿಯಲ್ಲಿ ಹೇಳಿದರೂ ಅದು ಹೊಗಳಿಕೆಯೇ.

ಅಕ್ಕ ಇನ್ನೊಂದು ಗುಟುಕು ಕುಡಿದು, ತುಟಿ ಚಪ್ಪರಿಸಿ, ಲೋಟ ಕೆಳಗಿಟ್ಟರು.

"ಆದ್ರೆ ಹಳೇದ್ರಲ್ಲಿ ಒಂದು ರುಚಿ ಇತ್ತು ಕಣೋ," ಎಂದರು. "ಅದು ಇದಕ್ಕೆ ಬರಲಿಲ್ಲ."